ನಾಲ್ಕನೇ ತರಗತಿ ಪೂರ್ತಿ ನನ್ನ ಕೈಗೆ ಕೊಡ್ತಾರಂತೆ, ನೀವು ಹೆಂಗ ನಿಭಾಯಿಸಿದ್ರಿ?

ಹಾನಗಲ್ ಪ್ರಶಿಕ್ಷಣಾರ್ಥಿ:
ಎಲ್ಲರಿಗೂ ನಮಸ್ಕಾರ. ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷ. ಹದಿನಾರು ವಾರದ ಇಂಟರ್ನ್‌ಶಿಪ್‌ನಾಗ ಮೂರು ವಾರ ಮುಗದೈತಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ನಾಲ್ಕನೇ ತರಗತಿ, 31 ಮಕ್ಕಳು. ಮೊದಲ ವಾರ ಹಿಂದ ಕುಂತು ವೀಕ್ಷಣಾ ವಹಿ ಬರದೆ. ಆಮ್ಯಾಲಿಂದ ಪರಿಸರ ಅಧ್ಯಯನ ಒಂದು ಪಿರಿಯಡ್ ತಗೊಳ್ಳಾಕತ್ತೀನಿ. ನಮ್ಮ ಮಾರ್ಗದರ್ಶಕ ಅಕ್ಕೋರು "ಸೋಮವಾರದಿಂದ ಗಣಿತ, ಅದರ ಮುಂದಿನ ವಾರ ಕನ್ನಡ, ದಸರಾ ಸೂಟಿ ಮುಗಿದ ಮ್ಯಾಲೆ ಇಡೀ ಕ್ಲಾಸು ನಿಂದ" ಅಂದಾರ. ತೊಂದರೆ ಏನಂದ್ರ, ಅಕ್ಕೋರು ಹಿಂದ ಕುಂತಿದ್ರ ಮಕ್ಕಳು ನಾ ಕೇಳಿದ ಪ್ರಶ್ನೆಗೂ ತಿರುಗಿ ಅವರಿಗೇ ಉತ್ತರ ಹೇಳ್ತಾವ. ಅವರು ಹೊರಗ ಹೋದ್ರ ಸಂತಿ. ಗಣಿತದಾಗ ಬಂದಿರೂದು ಭಾಗಾಕಾರ. ಪಾಠಯೋಜನೆ ಬರಿಯೂದ್ರಾಗ ರಾತ್ರಿ ಹನ್ನೆರಡು ಆಗ್ತೈತಿ. ಒಂದೊಂದ ವಿಷಯ ತಗೊಳ್ಳೂದು ಛಲೋನೋ, ಒಮ್ಮೆಲೇ ಎಲ್ಲಾ ತಗೊಳ್ಳೂದು ಛಲೋನೋ? ಅನುಭವ ಇದ್ದವರು ಹೇಳ್ರಿ.

ಟಿಸಿಎಚ್ 94, ಚಳ್ಳಕೆರೆ:
ತಂಗಿ, ನಿಮಗೆ ಒಂದೊಂದೇ ಪಿರಿಯಡ್ ಒಳಲೆಯಲ್ಲಿ ಹಾಲು ಕುಡಿಸಿದಂಗೆ ಕೊಡ್ತಾರೆ, ಅದಕ್ಕೂ ಗೊಣಗಾಟ. ಟಿಸಿಎಚ್ (ಆಗಿನ ಶಿಕ್ಷಕರ ತರಬೇತಿ) ಮಾಡುವಾಗ ನಮಗೆ ಇಂಟರ್ನ್‌ಶಿಪ್ ಅನ್ನೋ ಪದವೇ ಗೊತ್ತಿರಲಿಲ್ಲ. ಬಿಡಿ ಪಾಠ, ವಿಮರ್ಶಾ ಪಾಠ, ಕೊನೆಗೆ ಒಂದಷ್ಟು ದಿನ ಹಳ್ಳಿ ಶಾಲೆ. ನನ್ನ ವಿಮರ್ಶಾ ಪಾಠ ಇವತ್ತಿಗೂ ಕನಸಲ್ಲಿ ಬರುತ್ತೆ. ನೀರು ಆವಿಯಾಗೋದು. ಹಿಂದೆ ಇಪ್ಪತ್ತು ಜನ ಸಹಪಾಠಿಗಳು, ಪಕ್ಕದಲ್ಲಿ ಲೆಕ್ಚರರ್ರು. ಸ್ಪಿರಿಟ್ ದೀಪ ಮೂರು ಸಲ ಆರಿತು. ನಾಲ್ಕನೇ ಕಡ್ಡಿ ಗೀರುವಾಗ ಬೆಲ್ ಹೊಡೀತು, ನೀರಿನ್ನೂ ಬೆಚ್ಚಗೂ ಆಗಿರಲಿಲ್ಲ. ವಹಿಯಲ್ಲಿ ಕೆಂಪು ಇಂಕಲ್ಲಿ ಬರೆದರು: "ಉಪಕರಣವಿದೆ, ಪಾಠವಿಲ್ಲ." ಆ ವಹಿ ಟ್ರಂಕಲ್ಲಿ ಇನ್ನೂ ಇದೆ.

ಆಮೇಲೆ ಹಾಕಿದ್ದು ಏಕೋಪಾಧ್ಯಾಯ ಶಾಲೆಗೆ. ಎರಡನೇ ದಿನ ಅಲ್ಲಿನ ಮೇಷ್ಟ್ರು ಬೀಗದ ಕೈ ಕೊಟ್ಟು "ಸಂಬಳದ ಬಿಲ್ಲಿಗೆ ಹೋಗಿ ಬರ್ತೀನಿ ಕಣಪ್ಪ" ಅಂತ ಹೋದೋರು ಬಂದಿದ್ದು ಐದನೇ ದಿನಕ್ಕೆ. ನಾಲ್ಕು ತರಗತಿ, ಒಂದೇ ಕೋಣೆ, 52 ಮಕ್ಕಳು. ಒಂದನೇ ಕ್ಲಾಸಿಗೆ ಕಾಪಿ, ಎರಡಕ್ಕೆ ಮಗ್ಗಿ, ಮೂರು-ನಾಲ್ಕಕ್ಕೆ ಪಾಠ. ಮೊದಲ ದಿನ ಊಟಕ್ಕೆ ಬಿಟ್ಟರೆ ವಾಪಸ್ ಬಂದಿದ್ದು 17 ಮಕ್ಕಳು. ಉಳಿದೋರು ಶೇಂಗಾ ಕೀಳೋಕೆ ಹೋಗಿದ್ರು, ನಾನೇ ಹೊಲಕ್ಕೆ ಹೋಗಿ ಎಳ್ಕೊಂಡು ಬಂದೆ. ಮಾರನೇ ದಿನ ಕೈಗೊಂದು ಹುಣಸೆ ಬರಲು ತಗೊಂಡೆ, ಎಲ್ಲ ಸರಿಹೋಯ್ತು. ನೀರಿಗಿಳೀದೆ ಈಜು ಬರಲ್ಲ. ಒಮ್ಮೆಗೇ ತಗೋ.

ಕುಂದಾಪುರದ ಟೀಚರ್:
ಹೋಯ್ ಮೇಷ್ಟ್ರೇ, ಬರಲು ಹಿಡ್ಕೊಳ್ಳಿಕ್ಕೆ ಹೇಳ್ಬೇಡಿ ಮಾರಾಯ್ರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಒಮ್ಮೆ ಓದಿ. ಮಗುವನ್ನು ಮುಟ್ಟಿದರೆ ಮೊದಲು ಸಿಕ್ಕಿಬೀಳುವುದು ಈ ಹುಡುಗಿ, ನೀವಲ್ಲ.

ನನ್ನದು ಸರಿ ಉಲ್ಟಾ ಕತೆ. ನನ್ನ ಮಾರ್ಗದರ್ಶಕ ಟೀಚರ್ ಒಂಬತ್ತು ವಾರ ಕೋಣೆ ಬಿಟ್ಟು ಕದಲಲಿಲ್ಲ. ಒಳ್ಳೆಯವರೇ, ಆದರೆ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಹಿಂದಿನಿಂದ ಉಳಿದರ್ಧ ಅವರದ್ದು. "ಎಲೆಗೆ ಹಸಿರು ಬಣ್ಣ ಬರುವುದು..." ಅಂತ ನಾನು, "ಪತ್ರಹರಿತ್ತಿನಿಂದ! ಎಲ್ಲ ಹೇಳಿ!" ಅಂತ ಅವರು. ಮಕ್ಕಳು ಅವರೊಟ್ಟಿಗೆ ಕೂಗುತ್ತಿದ್ದವು. ನಾನು ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದ ಗೊಂಬೆ. ಹತ್ತನೇ ವಾರ ಅವರಿಗೆ ಮತದಾರರ ಪಟ್ಟಿ ಕೆಲಸದ ಬಿಎಲ್‌ಓ ಮೀಟಿಂಗ್ ಬಂತು. ಮೊದಲ ಸಲ ತರಗತಿ ನನ್ನೊಬ್ಬಳಿಗೆ. ಭಾಗಾಕಾರಕ್ಕೆಂದು ಹುಣಸೆ ಬೀಜ ಹಂಚಿದೆ, ತಲೆಗೆ 24. ಹತ್ತು ನಿಮಿಷ ಚಂದ ನಡೆಯಿತು. ಮತ್ತೆ ಕಂಡರೆ ಒಬ್ಬನ ಹತ್ತಿರ 23. ಇನ್ನೊಂದು ಎಲ್ಲಿ ಅಂದರೆ ಮೂಗು ತೋರಿಸಿದ. ಪ್ರಾಥಮಿಕ ಆರೋಗ್ಯ ಕೇಂದ್ರ ಎರಡು ಕಿಲೋಮೀಟರ್. ರಿಕ್ಷಾದಲ್ಲಿ ಹೋಗುವಾಗ ದಾರಿಯಲ್ಲೇ ಸೀನಿದ, ಬೀಜ ನನ್ನ ಸೀರೆಯ ಮೇಲೆ ಬಿತ್ತು. ರಿಕ್ಷಾಕ್ಕೆ 80 ರೂಪಾಯಿ ಹೋಯಿತು. ಮಾರನೇ ದಿನದಿಂದ ಟೀಚರ್ ಪುನಃ ಹಿಂದಿನ ಕುರ್ಚಿಯಲ್ಲಿ, ಈ ಸಲ ಕಾರಣ ಸಮೇತ.

ಖರ್ಚನ್ನೂ ಯಾರೂ ಮೊದಲೇ ಹೇಳುವುದಿಲ್ಲ, ಬರೆದಿಟ್ಟಿದ್ದೇನೆ. ಚಾರ್ಟ್ 22 ಹಾಳೆ, 220. ಸ್ಕೆಚ್ ಪೆನ್ 140. ಥರ್ಮೋಕೋಲ್ 160. ಗಮ್ಮು 95. ಪಾಠಯೋಜನೆ ಪುಸ್ತಕ ಆರು, ತಲಾ 90ರಂತೆ 540. ಝೆರಾಕ್ಸ್ 612. ಸ್ಪೈರಲ್ ಬೈಂಡಿಂಗ್ ನಾಲ್ಕು, 240. ಕಾಲೇಜಿನ ಸಮವಸ್ತ್ರದ ಸೀರೆ ಎರಡು, ಹೊಲಿಗೆ ಸೇರಿ 2,350. ಬಸ್ಸಿಗೆ ದಿನಕ್ಕೆ 64ರಂತೆ 88 ದಿನ, 5,632. ಒಟ್ಟು 9,989. ರಿಕ್ಷಾ ಸೇರಿಸಿಲ್ಲ.

ತರೀಕೆರೆ ಗುಡ್ಡದೋನು:
ಮೇಡಂ ಬಸ್ಸಿನ ಲೆಕ್ಕ ಯಾಕೆ ಹೇಳ್ತೀರಿ? ಹೆಣ್ಮಕ್ಕಳಿಗೆ ಫ್ರೀ ಅಲ್ವಾ. ನಾವು ಗಂಡಸ್ರು ದಿನಾ ಟಿಕೆಟ್ ತಗೊಂಡು ನಿಂತ್ಕೊಂಡು ಹೋದೋರು. ನಾನು ಕೊನೆಗೆ ಮಾವನ ಹಳೇ ಬೈಕ್ ತಗೊಂಡೆ, ಪೆಟ್ರೋಲಿಗೆ ವಾರಕ್ಕೆ 450, ಎರಡು ಸಲ ಪಂಕ್ಚರ್, ಒಂದ್ಸಲ ಕ್ಲಚ್ ಕೇಬಲ್.

ನಾನು ಒಮ್ಮೆಗೇ ತಗೊಂಡೋನು. ಎರಡನೇ ವಾರವೇ ಎಂಟೂ ಪಿರಿಯಡ್ ಕೊಡಿ ಸರ್ ಅಂತ ನಾನೇ ಕೇಳಿದೆ, ಧಿಮಾಕು. ನಾಲ್ಕು-ಐದು ಸೇರಿಸಿ ಕೂರಿಸಿದ್ದ ಕೋಣೆ, 46 ಮಕ್ಕಳು, ಮೇಲೆ ಶೀಟು. ಮಳೆ ಹುಯ್ಯೋಕೆ ಶುರುವಾದ್ರೆ ನನ್ನ ಮಾತು ನನಗೇ ಕೇಳಿಸ್ತಿರಲಿಲ್ಲ. ಕೂಗಿ ಕೂಗಿ ಹದಿನೈದು ದಿನಕ್ಕೆ ದನಿ ಹೋಯ್ತು. ಬರೀ ಗಾಳಿ ಬರೋದು. ಉಪ್ಪುನೀರು, ಜ್ಯೇಷ್ಠಮಧು, ಕಾಳುಮೆಣಸು, ಶಿವಮೊಗ್ಗದ ಡಾಕ್ಟ್ರಿಗೆ ಎರಡು ಸಲ ತಲಾ 400, ಔಷಧಿ 1,130. ಹನ್ನೊಂದು ದಿನ ಬೋರ್ಡ್ ಮೇಲೆ ಬರೆದೇ ಪಾಠ ಮಾಡಿದೆ. ಸುಮ್ಮನಿದ್ದ ಮೇಷ್ಟ್ರನ್ನ ಕಂಡ್ರೆ ಮಕ್ಕಳೂ ಸುಮ್ಮನಾಗ್ತವೆ ಅಂತ ಎಲ್ಲೋ ಓದಿದ್ದೆ. ಸುಳ್ಳು. ನಾನು ಬೋರ್ಡಿಗೆ ತಿರುಗಿದ್ರೆ ಹಿಂದೆ ಕುಸ್ತಿ. ಹಾಜರಾತಿ ಕಡಿಮೆ ಬಿತ್ತು ಅಂತ ಕಾಲೇಜಿನಲ್ಲಿ ಆರು ದಿನ ಹೆಚ್ಚುವರಿ ಮಾಡಿಸಿದ್ರು, ಆ ಆರು ದಿನ ನಾನು ಶಾಲೇಲೇ ಇದ್ದೆ ಅನ್ನೋದಕ್ಕೆ ಸಹಿ ಮಾಡಬೇಕಾದೋರು ಟ್ರೈನಿಂಗಿಗೆ ಹೋಗಿದ್ರು.

ಕುಂದಾಪುರದ ಟೀಚರ್:
ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ನಾನು ಮಾಡಿದ್ದು 2022ರಲ್ಲಿ. ಮತ್ತೆ ಈಗಲೂ ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದರಲ್ಲಿ ಫ್ರೀ ಇಲ್ಲ. ಗೊತ್ತಿಲ್ಲದಿದ್ದರೆ ಕೇಳಿ, ಚುಚ್ಚಬೇಡಿ.

ತರೀಕೆರೆ ಗುಡ್ಡದೋನು:
ಚುಚ್ಚಿದ್ದಲ್ಲ. ಸೀರೆಗೆ 2,350 ಅಂದ್ರಲ್ಲ, ನಮಗೂ ಬಿಳಿ ಶರ್ಟು ಕಪ್ಪು ಪ್ಯಾಂಟು ಕಡ್ಡಾಯ ಇತ್ತು. ನಾವೇನು ಅದನ್ನ ಖರ್ಚಿಗೆ ಬರ್ಕೊಂಡ್ವಾ?

ಬೈಲಹೊಂಗಲ ಮಾಸ್ತರ:
ಎಲ್ಲಾರೂ ಬೋರ್ಡಿನ ಮುಂದ ನಿಂತವರ ಕಥಿ ಹೇಳಿದ್ರಿ. ಹಿಂದಿನ ಕುರ್ಚಿ ಮ್ಯಾಲೆ ಕುಂತಾಂವನ ಕಥಿನೂ ಒಂದೀಟು ಕೇಳ್ರಿ. ನಾ ಮಾರ್ಗದರ್ಶಕ ಶಿಕ್ಷಕ. ಏಳು ವರ್ಷದಾಗ ಹದಿಮೂರು ಮಂದಿ ಪ್ರಶಿಕ್ಷಣಾರ್ಥಿಗಳು ಬಂದು ಹೋಗ್ಯಾರ. ಎರಡು ಮಂದಿ ಬಂಗಾರದಂಥವ್ರು. ಉಳದವ್ರ ಬಗ್ಗೆ ಏನ ಹೇಳ್ಲಿ.

ಒಬ್ಬ ಹುಡುಗ ಬಂದಿದ್ದ, ಭಾಳ ಹುರುಪು. ನಾನೂ ಹುರುಪಿನಿಂದ ಮೂರನೇ ವಾರಕ್ಕ ಗಣಿತ ಪೂರಾ ಬಿಟ್ಟುಕೊಟ್ಟೆ, ಹಿಂದ ಕುಂಡ್ರಲಿಲ್ಲ. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ಕಂಪ್ಯೂಟರಿಗೆ ಹಾಕೂ ಸ್ಯಾಟ್ಸ್ ಎಂಟ್ರಿ, ತತ್ತಿ ಎಣಿಸೂದು, ನನ್ನ ಕೆಲಸ ನನಗ ಇತ್ತು. ನಾ ವ್ಯವಕಲನ ಕಲಸೂದು ಕಡ್ಡಿ ಕಟ್ಟಿನಿಂದ. ಬಿಡಿ ಸಾಲದಿದ್ರ ಹತ್ತರ ಕಟ್ಟು ಬಿಚ್ಚು, ಹತ್ತರ ಕಟ್ಟು ಇಲ್ಲಂದ್ರ ಮೊದಲ ನೂರರ ಕಟ್ಟು ಬಿಚ್ಚು. ಈ ಹುಡುಗ "ಪಕ್ಕದ ಮನಿಯಿಂದ ಸಾಲ ತಗೊಂಡ ಬಾ" ಅಂತ ಕಥಿ ಹೇಳ್ಯಾನ. ಮಕ್ಕಳು ನಕ್ಕಾವ, ಫೋಟೋ ತಗದಾನ, ಸ್ಟೇಟಸ್ ಹಾಕ್ಯಾನ. ಇಪ್ಪತ್ತು ದಿವಸ ಬಿಟ್ಟು ನಾ 403ರಾಗ 167 ಕಳೀರಿ ಅಂದೆ. 27 ಮಕ್ಕಳಾಗ 19 ಮಕ್ಕಳು 246 ಬರದಿದ್ವು. ಯಾಕ ಅಂದ್ರ ನಡುವಿನ ಮನ್ಯಾಗ ಸೊನ್ನಿ. ಅಲ್ಲಿಗೆ ಹತ್ತು ತಂದು ಇಟ್ಟಾವ, ಅದರಾಗಿಂದ ಒಂದು ಬಿಡಿಗೆ ಕೊಟ್ಟಿದ್ದು ಮರತಾವ. ಹತ್ತರಾಗ ಆರು ಹೋದ್ರ ನಾಲ್ಕು ಅಂತ ಬರದಾವ. ಸಾಲದ ಕಥಿಯೊಳಗ ಸಾಲ ಕೊಟ್ಟವನ ಗತಿ ಏನ ಆತು ಅಂತ ಆ ಹುಡುಗ ಹೇಳೇ ಇಲ್ಲ. ಮತ್ತ ಕಡ್ಡಿ, ಮತ್ತ ಕಟ್ಟು. ನೆಟ್ಟಗಾಗೂದ್ರಾಗ ಡಿಸೆಂಬರ್ ಬಂತು. ಎಫ್‌ಎ (ನಡು ನಡುವಿನ ಮೌಲ್ಯಮಾಪನ) ಅಂಕಿ ಯಾಕ ಕಡಿಮಿ ಅಂತ ಸುತ್ತಿನ ಶಾಲಿಗಳನ್ನ ನೋಡ್ಕೊಳ್ಳೂ ಸಿಆರ್‌ಪಿ ಕೇಳಿದ್ದು ಆ ಹುಡುಗನ್ನಲ್ಲ, ನನ್ನ. ಅವತ್ತಿನಿಂದ ನಾ ಹಿಂದಿನ ಕುರ್ಚಿ ಬಿಟ್ಟಿಲ್ಲ. ಕುಂದಾಪುರದ ಅಕ್ಕೋರ, ನಿಮ್ಮ ಟೀಚರ್ ಯಾಕ ಕುಂತಿದ್ರು ಅಂತ ಈಗ ತಿಳೀತೇನ್ರಿ?

ಕುಂದಾಪುರದ ಟೀಚರ್:
ಕೂತದ್ದಕ್ಕೆ ನನ್ನ ತಕರಾರಿಲ್ಲ. ಬಾಯಿ ಹಾಕಿದ್ದಕ್ಕೆ. ತಪ್ಪು ಕಂಡರೆ ಚೀಟಿಯಲ್ಲಿ ಬರೆದುಕೊಳ್ಳಿ, ಬಿಡುವಿನಲ್ಲಿ ಹೇಳಿ. ಮಕ್ಕಳೆದುರು ತಿದ್ದಿದರೆ ಮುಂದಿನ ಪಿರಿಯಡಿಗೆ ಆ ಮಕ್ಕಳು ನಮ್ಮ ಮಾತು ಕೇಳುವುದೆಂತಕ್ಕೆ? ನಿಮ್ಮ ಹುಡುಗನ ಸಾಲದ ಕತೆಯನ್ನು ನೀವು ಎರಡನೇ ದಿನವೇ ಕೇಳಿದ್ದರೆ ಡಿಸೆಂಬರ್‌ವರೆಗೆ ಹೋಗುತ್ತಿರಲಿಲ್ಲ. ನೀವು ಮೊಟ್ಟೆ ಎಣಿಸುತ್ತಿದ್ದಿರಿ.

ಬೈಲಹೊಂಗಲ ಮಾಸ್ತರ:
ತತ್ತಿ ಒಂದು ಕಡಿಮಿ ಬಿದ್ರ ನೋಟಿಸು ಯಾರಿಗೆ ಬರ್ತೈತಿ ಅಕ್ಕೋರ? ನಿಮಗ ಬರೂದಿಲ್ಲ ಬಿಡ್ರಿ.

ಹಾನಗಲ್ ಪ್ರಶಿಕ್ಷಣಾರ್ಥಿ:
ಎಲ್ಲರಿಗೂ ಧನ್ಯವಾದ. ಭಾಗಾಕಾರದ ಮೊದಲನೇ ದಿನ ಏನು ಮಾಡಬೇಕು ಅಂತ ಯಾರಾದ್ರೂ...

ಟಿಸಿಎಚ್ 94, ಚಳ್ಳಕೆರೆ:
ಮಾಸ್ತರ ಹೇಳಿದ್ದು ನೂರಕ್ಕೆ ನೂರು ಸತ್ಯ. ಈಗಿನ ಹುಡುಗರಿಗೆ ಪಾಠಯೋಜನೆ ಅಂದ್ರೆ 5ಇ ಅನ್ನೋ ಐದು ಹಂತ. ತೊಡಗಿಸಿಕೊಳ್ಳುವಿಕೆ ಅಂತ ಇಪ್ಪತ್ತು ನಿಮಿಷ ಹಾಡು-ಕುಣಿತ, ಅನ್ವೇಷಣೆ ಅಂತ ಹತ್ತು ನಿಮಿಷ ಗಲಾಟೆ, ಕೊನೆಗೆ ಪಾಠ ಎಲ್ಲಿ? ನಮ್ಮದು ಜರ್ಮನಿಯ ಶಿಕ್ಷಣತಜ್ಞ ಹರ್ಬಾರ್ಟನ ಮಾದರಿ ಮೇಲೆ ಮಾಡಿದ ಹಂತಗಳು: ಪೀಠಿಕೆ, ಹೇಳಿಕೆ, ನಿರೂಪಣೆ, ಪುನರಾವರ್ತನೆ, ಗೃಹಪಾಠ. ಕಪ್ಪುಹಲಗೆ ಸಾರಾಂಶ ಬರೀದೆ ಪಾಠ ಮುಗಿಸಂಗಿಲ್ಲ. 40 ನಿಮಿಷದಲ್ಲಿ ಏನು ಕಲಿಸಿದೆ ಅಂತ ಹಲಗೆ ನೋಡಿದ್ರೆ ಗೊತ್ತಾಗೋದು.

ಹೆಗ್ಗಡದೇವನಕೋಟೆ ನಲಿ-ಕಲಿ:
ಸರ್, ಹಲಗೆ ನೋಡಿದ್ರೆ ಮೇಷ್ಟ್ರು ಏನು ಬರೆದ್ರು ಅಂತ ಗೊತ್ತಾಯ್ತದೆ. ಮಗು ಏನು ಕಲೀತು ಅಂತ ಹೆಂಗೆ ಗೊತ್ತಾಯ್ತದೆ?

ನಂದು ಹೇಳ್ಬುಡ್ತೀನಿ. ಕಾರ್ಡು, ಚಟುವಟಿಕೆ ಮೂಲಕ ಕಲಿಸೋ ನಲಿ-ಕಲಿ ಶುರುವಾಗಿದ್ದೇ ನಮ್ಮ ತಾಲ್ಲೂಕಲ್ಲಿ, 1995ರಲ್ಲಿ. ನಮ್ಮ ಕಡೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡ್ಕೊಂಡು ಬಂದು ಕಾರ್ಡ್ ಮಾಡಿದ್ದು, ಅದು ಇಡೀ ರಾಜ್ಯಕ್ಕೆ ಬಂದದ್ದು 2009-10ರಲ್ಲಿ. ನನಗೆ ಇಂಟರ್ನ್‌ಶಿಪ್‌ನಲ್ಲಿ ಸಿಕ್ಕಿದ್ದು ಒಂದು-ಎರಡು-ಮೂರು ಸೇರಿದ ನಲಿ-ಕಲಿ ಕೋಣೆ. ನನ್ನ ಗೈಡ್ ಮೇಡಂ ವಿಷಯದ ಲೆಕ್ಕದಲ್ಲಿ ಕೊಡಲೇ ಇಲ್ಲ. ಮೊದಲ ವಾರ ಹಾಜರಿ, ಹವಾಮಾನ ನಕ್ಷೆ. ಎರಡನೇ ವಾರ ಬೆಳಗಿನ ಹಾಡೂ ನಂದೇ. ಮೂರನೇ ವಾರ ಸ್ವಕಲಿಕೆ ತಟ್ಟೆ (ತಟ್ಟೆ ಅಂದ್ರೆ ಮಕ್ಕಳು ಕೂರೋ ಗುಂಪು), ಅಲ್ಲಿ ಮಕ್ಕಳೇ ಮಾಡ್ಕೊತವೆ, ನಾನು ಕಾವಲು ಅಷ್ಟೆ. ಆಮೇಲೆ ಸಹಪಾಠಿಗಳ ನೆರವಿನ ತಟ್ಟೆ. ಶಿಕ್ಷಕರ ಪೂರ್ಣ ನೆರವಿನ ತಟ್ಟೆ ಕೊಟ್ಟಿದ್ದು ಎಲ್ಲಕ್ಕಿಂತ ಕೊನೆಗೆ, ಒಂಬತ್ತನೇ ವಾರ. ಹೊಸ ಅಕ್ಷರ ಅಲ್ಲೇ ಹುಟ್ಟೋದು, ಅಲ್ಲಿ ತಪ್ಪಿದ್ರೆ ತಿದ್ದೋಕೆ ಆಗಲ್ಲ ಅಂತ. ಅಲ್ಲೀವರೆಗೂ ಮೇಡಂ ಅದೇ ಕೋಣೇಲಿ ಕೆಳಗೆ ಕೂತು ಇನ್ನೊಂದು ಗುಂಪು ನೋಡ್ಕೊಳ್ಳೋರು. ಅವರಿಗೂ ಕೆಲಸ ಇರೋದ್ರಿಂದ ನನ್ನ ಕಡೆ ನೋಡೋಕೇ ಪುರುಸೊತ್ತಿರ್ತಿರಲಿಲ್ಲ. ಮಕ್ಕಳಿಗೂ ಯಾರ ಕಡೆ ತಿರುಗಬೇಕು ಅನ್ನೋ ಗೊಂದಲ ಇರ್ಲಿಲ್ಲ.

ಅನಾಹುತ ಆಗ್ಲಿಲ್ಲ ಅಂತಲ್ಲ. ಒಂದ್ಸಲ ಕಾರ್ಡಿನ ಟ್ರೇ ನಾನೇ ಬೀಳಿಸ್ದೆ. ಹೊರಗೆ ಮಳೆ, ಕಿಟಕಿ ಹತ್ರ ನೆಲ ಒದ್ದೆ. ಗಣಿತದ ಕಾರ್ಡು, ಕನ್ನಡದ ಕಾರ್ಡು, ಪರಿಸರದ್ದು ಎಲ್ಲ ಕಲಸುಮೇಲೋಗರ. ಲೋಗೋ ನೋಡಿ, ನಂಬರ್ ನೋಡಿ, ಮೈಲಿಗಲ್ಲಿನ ಪ್ರಕಾರ ಜೋಡಿಸೋಕೆ ಎರಡು ದಿನ, ಸಾಯಂಕಾಲ ಆರರ ತಂಕ. 14 ಕಾರ್ಡು ಒದ್ದೆಯಾಗಿ ಬಿಟ್ಕೊಂಡವು, ಲ್ಯಾಮಿನೇಶನ್‌ಗೆ ತಲಾ 20, ನನ್ನ ಕೈಯಿಂದ 280. ಮೈಸೂರಿಗೆ ಹೋಗಿ ಮಾಡಿಸ್ಕೊಂಡು ಬಂದೆ. ಆದ್ರೆ ಆ ಎರಡು ದಿನದಲ್ಲಿ ಯಾವ ಕಾರ್ಡ್ ಆದ್ಮೇಲೆ ಯಾವುದು ಅನ್ನೋ ಕಲಿಕಾ ಏಣಿ ನನಗೆ ಬಾಯಿಪಾಠ ಆಯ್ತು. ರ ಗ ಸ ದ ಅ ಯಾಕೆ ಮೊದಲು, ಅ ಆ ಇ ಈ ಯಾಕಲ್ಲ ಅಂತ ಕಾಲೇಜಲ್ಲಿ ಓದಿದ್ದು ಅವತ್ತು ತಲೆಗೆ ಹೋಯ್ತು. ಮೂರು ಅಕ್ಷರ ಕಲಿಯೋ ಹೊತ್ತಿಗೆ ಮಗು ಗರಗಸದ ಹತ್ರ ಬಂದಿರ್ತದೆ.

ಟಿಸಿಎಚ್ 94, ಚಳ್ಳಕೆರೆ:
ನಲಿ-ಕಲಿಯಿಂದ ಬಂದ ಮಕ್ಕಳು ನಾಲ್ಕನೇ ಕ್ಲಾಸಲ್ಲಿ ಬೆಂಚ್ ಮೇಲೆ ಕೂರಲ್ಲ, ಅದನ್ನೂ ಹೇಳಮ್ಮ. ಒತ್ತಕ್ಷರ ಕೇಳಿದ್ರೆ ಆಕಾಶ ನೋಡ್ತವೆ. ಅದನ್ನ ತಿದ್ದೋದು ನಾವು.

ಹೆಗ್ಗಡದೇವನಕೋಟೆ ನಲಿ-ಕಲಿ:
ಬೆಂಚ್ ಮೇಲೆ ಕೂರೋದು ಕಲಿಕೆ ಅಲ್ಲ ಸರ್. ನಿಮ್ಮ ಬರಲು ಇನ್ನೂ ಕೈಲೇ ಇದೆ ಅನ್ಸುತ್ತೆ.

ಬಿ.ಎಡ್. ಮಾಡಿ ಕೆಟ್ಟವನು:
ನೀವೆಲ್ಲ ಅದೃಷ್ಟವಂತರು, ಜಗಳವಾಡೋಕೆ ಒಂದು ತರಗತಿಯಾದ್ರೂ ಇದೆ. ನಾನು ಬಿ.ಎಡ್. ಮಾಡುವಾಗ ಒಂದರಿಂದ ಐದಕ್ಕೂ ಬಿ.ಎಡ್. ನಡೆಯುತ್ತೆ ಅಂತ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2018ರ ಅಧಿಸೂಚನೆ ತೋರಿಸಿದ್ರು. 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಅದು ನಡೆಯಲ್ಲ ಅಂತು. ಎರಡು ವರ್ಷ, ಖಾಸಗಿ ಕಾಲೇಜಿಗೆ 1,10,000, ಅದರ ಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೋಚಿಂಗ್ 8,500. ಇನ್ನು ಇಂಟರ್ನ್‌ಶಿಪ್ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೋ ಗೊತ್ತಿಲ್ಲ. ನಮ್ಮ ಕಾಲೇಜಲ್ಲಿ 3,000 ಕೊಟ್ರೆ ವಹಿ ಬರ್ಕೊಟ್ಟು ಸೀಲು ಹಾಕಿಸ್ಕೊಡೋರು. ಅರ್ಧ ಬ್ಯಾಚು ಹಂಗೇ ಮುಗಿಸಿದ್ದು.

ಬೈಲಹೊಂಗಲ ಮಾಸ್ತರ:
ನೀವೂನು?

ಬಿ.ಎಡ್. ಮಾಡಿ ಕೆಟ್ಟವನು:
ನನ್ನ ಹತ್ರ 3,000 ಇರಲಿಲ್ಲ ಸರ್. ಅದಕ್ಕೇ ಹೋದೆ. ಹೋಗಿ ಹೈಸ್ಕೂಲಲ್ಲಿ ಪಾಠ ಮಾಡಿದೆ. ದುಡ್ಡು ಕೊಟ್ಟೋನು ಈಗ ಪರ್ಮನೆಂಟು, ನಾನು 2023ರಲ್ಲಿ ತಿಂಗಳಿಗೆ 10,000ದ ಅತಿಥಿ ಶಿಕ್ಷಕ. ಅದೂ ಮೂರು ತಿಂಗಳದ್ದು ಒಟ್ಟಿಗೆ ಬಂತು. ಅದೇ ವರ್ಷ ನನ್ನ ತರಗತಿಗೆ ಇಬ್ಬರು ಪ್ರಶಿಕ್ಷಣಾರ್ಥಿಗಳು ಬಂದ್ರು. ಖಾಯಂ ಶಿಕ್ಷಕರು ಬಿಡುವಿಲ್ಲ ಅಂದಿದ್ದಕ್ಕೆ ಅವರನ್ನ ನೋಡ್ಕೊಂಡಿದ್ದು ನಾನೇ, ಸಹಿ ಮಾತ್ರ ಅವರದ್ದು.

ಬೈಲಹೊಂಗಲ ಮಾಸ್ತರ:
ಆ ಕಾಲೇಜಿನವರ ಮಕ್ಕಳನ್ನ ಇಂಥಾ ವಹಿ ಬರಸಿದ ಮಾಸ್ತರನ ಕಡೆನ ಕಲಿಯಾಕ ಕಳಸಬೇಕು. ಬ್ಯಾರೆ ಶಿಕ್ಷೆ ಬ್ಯಾಡ.

ತರೀಕೆರೆ ಗುಡ್ಡದೋನು:
ವಿಷಯ ಎಲ್ಲೆಲ್ಲಿಗೋ ಹೋಯ್ತು. ತಂಗಿ, ಭಾಗಾಕಾರ ಅಂದ್ಯಲ್ಲ, ಮೊದಲ ದಿನ ಬೋರ್ಡ್ ಮೇಲೆ ಆ ಭಾಗಾಕಾರದ ಮನೆ ಗೀಚೋಕೆ ಹೋಗ್ಬೇಡ. 12 ಕಡ್ಡಿ ಕೊಟ್ಟು ಮೂರು ಮೂರು ತೆಗೆದಿಡಿ, ಎಷ್ಟು ಸಲ ತೆಗೆದ್ರಿ ಅಂತ ಕೇಳು. ಅಮೇಲೆ ಅದೇ 12 ಮೂರು ಜನಕ್ಕೆ ಸಮ ಹಂಚಿಸು. ಎರಡರಲ್ಲೂ ಉತ್ತರ ನಾಲ್ಕೇ, ಆದ್ರೆ ಮಾಡಿದ್ದು ಬೇರೆ. ಇದು ಗೊತ್ತಾಗದೆ ನಾನು ಒಂದು ವಾರ ಒದ್ದಾಡಿದೀನಿ. ಒಬ್ಬ ಹುಡುಗ "ತೆಗೀಬೇಕಾ, ಹಂಚಬೇಕಾ ಸರ್" ಅಂತ ಕೇಳ್ತಾನೇ ಇದ್ದ, ದನಿ ಇಲ್ಲದ್ದಕ್ಕೆ ನಾನು ಬರೀ ತಲೆ ಆಡಿಸ್ತಿದ್ದೆ. ಅವನು ಹೌದು ಅಂತ ತಿಳ್ಕೊಂಡ್ನೋ ಅಲ್ಲ ಅಂತ ತಿಳ್ಕೊಂಡ್ನೋ.

ಕುಂದಾಪುರದ ಟೀಚರ್:
ಕಡ್ಡಿ ಒಳ್ಳೆಯದು. ಬೀಜ ಬೇಡ.

ಹಾನಗಲ್ ಪ್ರಶಿಕ್ಷಣಾರ್ಥಿ:
ಸೋಮವಾರ ಗಣಿತ ತಗೊಂಡೆ. ತರೀಕೆರೆ ಅಣ್ಣಾರು ಹೇಳಿದಂಗ 12 ಕಡ್ಡಿ ಕೊಟ್ಟೆ. ಕೋಟೆ ಅಕ್ಕನ ಮಾತು ಅಕ್ಕೋರಿಗೆ ಹಂಗ ಓದಿ ತೋರಿಸಿದ್ದೆ. ಅವರು ನಕ್ಕು, ಹಿಂದಿನ ಕುರ್ಚಿ ಬಿಟ್ಟು, ಮಗ್ಗಿ ಬರದ ಆರು ಮಕ್ಕಳನ್ನ ಕರಕೊಂಡು ಬಾಗಿಲ ಹತ್ರ ಚಾಪಿ ಮ್ಯಾಲೆ ಕುಂತ್ರು. ಉಳದ 25 ನನ್ನ ಕಡೆ. ಎರಡು ಸಲ ಗದ್ದಲ ಆತು. ಕೊನಿಗೆ 13 ಕಡ್ಡಿ ಕೊಟ್ಟಾಗ ಒಬ್ಬಾಕಿ ಉಳದ ಒಂದು ಕಡ್ಡಿ ಮುರದು ಮೂರು ತುಂಡು ಮಾಡಿ ಹಂಚಿಬಿಟ್ಲು. ಶೇಷದ ಪಾಠ ಅಲ್ಲೇ ನಿಂತಿತು. ನಾಳೆ ಏನು ಹೇಳ್ಬೇಕೋ ಗೊತ್ತಾಗವಲ್ದು.

ಟಿಸಿಎಚ್ 94, ಚಳ್ಳಕೆರೆ:
ಗೋಲಿ ಕೊಡು. ಗೋಲಿ ಮುರಿಯೋಕಾಗಲ್ಲ.

ಕುಂದಾಪುರದ ಟೀಚರ್:
ಗೋಲಿಯೂ ಮೂಗಿಗೆ ಹೋಗುತ್ತದೆ ಮೇಷ್ಟ್ರೇ.

ತರೀಕೆರೆ ಗುಡ್ಡದೋನು:
ಅಂದಹಾಗೆ ಮೇಡಂ, ಹದಿನಾರು ವಾರಕ್ಕೆ 96 ದಿನ. ನೀವು 88 ದಿನದ ಬಸ್ಸು ಬರೆದಿದ್ದೀರಿ. ಉಳಿದ ಎಂಟು ದಿನ ರಜೆಯೋ, ಹಾಜರಿಯೋ?

ಕುಂದಾಪುರದ ಟೀಚರ್:
ಏಳು ಸರಕಾರಿ ರಜೆ, ಒಂದು ದಿನ ಮಳೆಗೆ ಡಿಸಿ ಕೊಟ್ಟ ರಜೆ. ವಹಿ ಇದೆ, ಸಹಿ ಇದೆ. ನಿಮ್ಮ ಆರು ದಿನದ್ದು ಸಿಕ್ಕಿತಾ?